ಡೀಸೆಲ್ ಪಿಕಪ್ ರೀಮ್ಯಾಪ್: ಇಂಜಿನ್ ತಡೆಯುತ್ತದೆ, ಕ್ಲಚ್ ತಡೆಯುತ್ತದಾ?

[ದೃಶ್ಯ: ಎರಡು ಹೈಲಕ್ಸ್ ಅಕ್ಕಪಕ್ಕ. ಒಂದು ಮ್ಯಾನ್ಯುಯಲ್, ಒಂದು ಆಟೋಮ್ಯಾಟಿಕ್]

ನಮಸ್ಕಾರ. ಸ್ಕ್ರೀನ್ ಮೇಲೆ ಎರಡು ಟೊಯೊಟಾ ಹೈಲಕ್ಸ್ ಇವೆ. ಎರಡಕ್ಕೂ ಅದೇ 2.8 ಲೀಟರ್ ಡೀಸೆಲ್ ಇಂಜಿನ್, ಅದೇ 204 ಪಿಎಸ್. ಟಾರ್ಕ್, ಅಂದರೆ ತಿರುಗಿಸುವ ಬಲ, ಮಾತ್ರ ಬೇರೆ. ಆಟೋಮ್ಯಾಟಿಕ್ ಗಾಡಿಗೆ 500 ಎನ್‌ಎಂ, ಮ್ಯಾನ್ಯುಯಲ್‌ಗೆ 420. ಇಂಜಿನ್ ಒಂದೇ ಅಂದಮೇಲೆ ಉಳಿದ 80 ಎಲ್ಲಿ ಹೋಯಿತು? ಕಂಪನಿಯೇ ಹಿಡಿದಿಟ್ಟಿದೆ. ಇಂಜಿನ್ ಕೊಡುವುದನ್ನು ಚಕ್ರದವರೆಗೆ ಸಾಗಿಸಬೇಕಾದ್ದು ಕ್ಲಚ್ ಮತ್ತು ಗೇರ್‌ಬಾಕ್ಸ್ ಅಲ್ವಾ?

ಟ್ಯೂನಿಂಗ್ ಮಾಡಿಸಲು ಹೋದವರೆಲ್ಲ ಕೇಳುವುದು ಒಂದೇ: "ಎಷ್ಟು ಎಚ್‌ಪಿ ಏರುತ್ತದೆ?" ಕೇಳಬೇಕಾದ್ದು, "ಏರಿಸಿದರೆ ಮೊದಲು ಯಾವುದು ಕೈಕೊಡುತ್ತದೆ?"

ಡೀಸೆಲ್‌ನಲ್ಲಿ ಪವರ್ ಏರಿಸುವುದು ಕಷ್ಟವೇ ಅಲ್ಲ, ತೊಂದರೆ ಇರುವುದೇ ಅಲ್ಲಿ. ಡೀಸೆಲ್ ಜಾಸ್ತಿ ಹೋದರೆ ಪವರ್ ಜಾಸ್ತಿ. ಹಳೇ ಗಾಡಿಗಳಲ್ಲಿ ಮೆಕ್ಯಾನಿಕ್ ಪಂಪಿನ ಸ್ಕ್ರೂ ತಿರುಗಿಸಿ ಏರಿಸುತ್ತಿದ್ದ. ಈಗಿನ ಕಾಮನ್ ರೈಲ್ ಇಂಜಿನ್‌ನಲ್ಲಿ ಎಲ್ಲ ಇಂಜೆಕ್ಟರ್‌ಗಳಿಗೂ ಡೀಸೆಲ್ ಹೋಗುವುದು ರೈಲ್ ಅನ್ನುವ ಒಂದೇ ಹೈ ಪ್ರೆಶರ್ ಪೈಪಿನಿಂದ, ಆ ಲೆಕ್ಕವೆಲ್ಲ ಇಸಿಯು, ಅಂದರೆ ಇಂಜಿನ್ ಕಂಪ್ಯೂಟರ್ ಕೈಯಲ್ಲಿದೆ. ಲ್ಯಾಪ್‌ಟಾಪ್ ಸಿಕ್ಕಿಸಿ ಅದರೊಳಗಿನ ಮ್ಯಾಪ್, ಅಂದರೆ ಲೆಕ್ಕದ ಪಟ್ಟಿ, ಬದಲಿಸಿದರೆ ಆಯಿತು. ಇದೇ ರೀಮ್ಯಾಪ್. ಆದರೆ ಡೀಸೆಲ್ ಉರಿಯಲು ಗಾಳಿ ಬೇಕು. ಟರ್ಬೊ ಕೊಡುವ ಗಾಳಿಗೆ ಡೀಸೆಲ್ ಹೆಚ್ಚಾದರೆ ಕಪ್ಪು ಹೊಗೆ. ಹಿಂದಿನ ಗಾಡಿಯವರ ಮುಖಕ್ಕೆ ಮಸಿ ಬಳಿದು "ಏನ್ ಪವರ್ ಗುರು" ಅನ್ನುವವರೂ ಇದ್ದಾರೆ. ಆ ಹೊಗೆಯೆಲ್ಲ ಸರಿಯಾಗಿ ಉರಿಯದ ಡೀಸೆಲ್, ಬಂಕ್‌ನಲ್ಲಿ ದುಡ್ಡು ಕೊಟ್ಟು ತುಂಬಿಸಿದ್ದು.

[ದೃಶ್ಯ: ಕೈಯಲ್ಲಿ ಟ್ಯೂನಿಂಗ್ ಬಾಕ್ಸ್, ಸೆನ್ಸರ್ ಕನೆಕ್ಟರ್ ಹತ್ತಿರದಿಂದ]

ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಟ್ಯೂನಿಂಗ್ ಬಾಕ್ಸ್ ಏನು ಮಾಡುತ್ತದೆ ನೋಡಿ. ರೈಲ್ ಪ್ರೆಶರ್ ಸೆನ್ಸರ್ ಮತ್ತು ಇಸಿಯು ನಡುವೆ ಕೂತು ಸುಳ್ಳು ಹೇಳುತ್ತದೆ. ರೈಲ್‌ನಲ್ಲಿ 1,500 ಬಾರ್ ಇದ್ದರೆ 1,400 ಅನ್ನುತ್ತದೆ ಅಂದುಕೊಳ್ಳಿ. ಇಸಿಯು ಪಾಪ, ಅದನ್ನೇ ನಂಬಿ ಪ್ರೆಶರ್ ಏರಿಸುತ್ತದೆ. ಇಂಜೆಕ್ಟರ್ ತೆರೆದಿರುವ ಸಮಯ ಅಷ್ಟೇ, ಒಳಗೆ ಬೀಳುವ ಡೀಸೆಲ್ ಜಾಸ್ತಿ. ಇದರಲ್ಲೊಂದು ತಮಾಷೆ ಇದೆ. ಬಾಕ್ಸ್ ಹಾಕಿದ ಮೇಲೆ ಮೈಲೇಜ್ ಕೂಡ ಏರಿತು ಅಂತ ಕೆಲವರು ಡ್ಯಾಶ್‌ಬೋರ್ಡ್ ಫೋಟೊ ಹಾಕುತ್ತಾರೆ. ಆ ಮೈಲೇಜ್ ಲೆಕ್ಕ ಹಾಕುವುದು ಅದೇ ಇಸಿಯು, ಅದೇ ಸುಳ್ಳು ಪ್ರೆಶರ್ ಇಟ್ಟುಕೊಂಡು! ಟ್ಯಾಂಕ್ ಫುಲ್ ಮಾಡಿಸಿ, ಓಡಿಸಿ, ಮತ್ತೆ ಫುಲ್ ಮಾಡಿಸಿ ನೀವೇ ಲೆಕ್ಕ ಹಾಕಿ.

ಹಾಗಾಗಿ ನನ್ನ ಓಟು ರೀಮ್ಯಾಪ್‌ಗೆ. ಅದೂ ಡೈನೊ, ಅಂದರೆ ಪವರ್ ಅಳೆಯುವ ರೋಲರ್ ಮೆಷಿನ್ ಮೇಲೆ ಗಾಡಿ ಓಡಿಸಿ, ಲಾಗ್ (ಅಳತೆಗಳ ದಾಖಲೆ) ತೆಗೆದು ಕೆಲಸ ಮಾಡುವವರ ಹತ್ತಿರ. ಬೂಸ್ಟ್ (ಟರ್ಬೊ ತಳ್ಳುವ ಗಾಳಿಯ ಒತ್ತಡ), ರೈಲ್ ಪ್ರೆಶರ್, ಇಂಜೆಕ್ಷನ್ ಟೈಮಿಂಗ್ ಎಲ್ಲವನ್ನೂ ಒಂದಕ್ಕೊಂದು ಹೊಂದಿಸಲು ಅಲ್ಲಿ ಆಗುತ್ತದೆ. ಟ್ಯೂನರ್‌ಗೆ ಮೊದಲೇ ಹೇಳಿಬಿಡಿ: ಗಾಳಿಗೆ ತಕ್ಕಷ್ಟೇ ಡೀಸೆಲ್ ಬಿಡುವ ಸ್ಮೋಕ್ ಲಿಮಿಟರ್ ತೆಗೆಯಬೇಡಿ, 1,800 ಆರ್‌ಪಿಎಂ ಕೆಳಗೆ ಟಾರ್ಕ್ ಏರಿಸಬೇಡಿ. ನಿಧಾನ ತಿರುಗುವ ಇಂಜಿನ್ ಮೇಲೆ ಜೋರು ಒತ್ತಡ ಬಿದ್ದರೆ ಕನೆಕ್ಟಿಂಗ್ ರಾಡ್ ಬಾಗುವ ಅಪಾಯ ಇದೆ. ಒರಿಜಿನಲ್ ಫೈಲ್‌ನ ಕಾಪಿಯನ್ನೂ ಕೇಳಿ ಇಸಿದುಕೊಳ್ಳಿ. ಎಷ್ಟು ಏರಿಸಬೇಕು? ಕಂಪನಿ ಕ್ಲಚ್‌ನಲ್ಲೇ ಲೋಡ್ ಹೊರುವ ಗಾಡಿಗೆ 15 ಪರ್ಸೆಂಟ್ ಸಾಕು ಅನ್ನುವುದು ನನ್ನ ಲೆಕ್ಕ. ಇಸುಝು ವಿ-ಕ್ರಾಸ್‌ನ 1.9 ಲೀಟರ್ ಇಂಜಿನ್ 360 ಎನ್‌ಎಂ ಕೊಡುತ್ತದೆ. ಅದು 414 ಆಗುತ್ತದೆ. ಓವರ್‌ಟೇಕ್ ಮಾಡುವಾಗ ಕಾಲಿಗೇ ಗೊತ್ತಾಗುವಷ್ಟು ವ್ಯತ್ಯಾಸ ಅದು.

[ದೃಶ್ಯ: ಬಿಚ್ಚಿಟ್ಟ ಎಕ್ಸಾಸ್ಟ್ ಮ್ಯಾನಿಫೋಲ್ಡ್, ಪಕ್ಕದಲ್ಲಿ ಪ್ರೋಬ್]

ಈಗ ಬಿಸಿಯ ವಿಷಯ. ರೀಮ್ಯಾಪ್‌ಗೆ ದುಡ್ಡು ಕೊಡುವ ಮುಂಚೆ ಒಂದು ಇಜಿಟಿ ಗೇಜ್ ಹಾಕಿಸಿ. ಎಕ್ಸಾಸ್ಟ್ ಗ್ಯಾಸ್ ಎಷ್ಟು ಬಿಸಿ ಇದೆ ಅಂತ ತೋರಿಸುವ ಮೀಟರ್ ಇದು. ಪ್ರೋಬ್ ಟರ್ಬೊಗಿಂತ ಮುಂಚೆ, ಮ್ಯಾನಿಫೋಲ್ಡ್‌ನಲ್ಲೇ ಕೂರಬೇಕು. ಟರ್ಬೊ ದಾಟಿದ ಮೇಲೆ ಅಳೆದರೆ ಫುಲ್ ಲೋಡ್‌ನಲ್ಲಿ ನೂರು ಡಿಗ್ರಿಗೂ ಜಾಸ್ತಿ ವ್ಯತ್ಯಾಸ ಬರಬಹುದು. ತೂತು ಕೊರೆಯುವಾಗ ಮ್ಯಾನಿಫೋಲ್ಡ್ ಬಿಚ್ಚಿಯೇ ಕೊರೆಯಲಿ. ಚೂರು ಕಬ್ಬಿಣದ ಪುಡಿ ಒಳಗೆ ಉಳಿದರೂ ನಿಮಿಷಕ್ಕೆ ಲಕ್ಷ ಸುತ್ತು ದಾಟುವ ಟರ್ಬೈನ್ ರೆಕ್ಕೆಗೆ ಹೋಗಿ ಬಡಿಯುತ್ತದೆ.

ನೆನಪಿಡಬೇಕಾದ ನಂಬರ್ 700 ಡಿಗ್ರಿ ಸೆಲ್ಸಿಯಸ್. ಒಂದೆರಡು ಸೆಕೆಂಡ್ ದಾಟಿದರೆ ಪ್ರಳಯವೇನೂ ಆಗಲ್ಲ. ಅಲ್ಲೇ ನಿಂತರೆ ಕಷ್ಟ. ಇಂಥ ಇಂಜಿನ್‌ಗಳ ಪಿಸ್ಟನ್ ಸಾಮಾನ್ಯವಾಗಿ ಅಲ್ಯೂಮಿನಿಯಂ ಮಿಶ್ರಲೋಹದ್ದು. ಬರೀ ಅಲ್ಯೂಮಿನಿಯಂ 660 ಡಿಗ್ರಿಗೇ ಕರಗುತ್ತದೆ. ಹಾಗಿದ್ದೂ ಪಿಸ್ಟನ್ ಉಳಿಯುವುದು ಅಡಿಯಿಂದ ಆಯಿಲ್ ಚಿಮ್ಮುತ್ತಿರುವುದರಿಂದ, ಸುತ್ತ ಕೂಲಂಟ್ ಹರಿಯುತ್ತಿರುವುದರಿಂದ. ಟ್ಯೂನ್ ಮಾಡಿಸಿದ ಗಾಡಿಗೆ ಆಯಿಲ್ ಚೇಂಜ್ ಬೇಗ ಮಾಡಿಸಿ ಅನ್ನುವುದು ಅದಕ್ಕೇ.

ಚಾರ್ಮಾಡಿ ಘಾಟಿ ಹತ್ತುತ್ತಿದ್ದೀರಿ, ಹಿಂದೆ ಲೋಡ್ ಇದೆ. ನಾಲ್ಕನೇ ಗೇರ್, 1,500 ಆರ್‌ಪಿಎಂ, ಆಕ್ಸಿಲರೇಟರ್ ಪೂರ್ತಿ ಕೆಳಗೆ. ಮುಳ್ಳು 650, 680 ಅಂತ ಏರುತ್ತಿದೆ. ಸುಮ್ನೆ ಒತ್ತಿಕೊಂಡೇ ಇರಬೇಡಿ, ಒಂದು ಗೇರ್ ಇಳಿಸಿ. ಇಂಜಿನ್ ಬೇಗ ತಿರುಗಿದರೆ ಗಾಳಿ ಜಾಸ್ತಿ ಬರುತ್ತದೆ, ಒಂದೊಂದು ಸ್ಟ್ರೋಕ್‌ಗೆ ಬೇಕಾಗುವ ಡೀಸೆಲ್ ಕಡಿಮೆಯಾಗುತ್ತದೆ. ಮುಳ್ಳು ಇಳಿಯುವುದು ಕಣ್ಣಿಗೇ ಕಾಣುತ್ತದೆ. ಡ್ಯಾಶ್‌ಬೋರ್ಡ್‌ನ ಟೆಂಪರೇಚರ್ ಮೀಟರ್ ಇದನ್ನೆಲ್ಲ ಹೇಳಲ್ಲ. ಅದು ಏಳುವ ಹೊತ್ತಿಗೆ ತಡವಾಗಿರುತ್ತದೆ.

ಕ್ಲಚ್ ಟೆಸ್ಟ್ ಸುಲಭ. ಖಾಲಿ ರಸ್ತೆಯಲ್ಲಿ ಐದನೇ ಗೇರ್ ಹಾಕಿ 1,800 ಆರ್‌ಪಿಎಂನಿಂದ ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು ಜಿಗಿದು ಸ್ಪೀಡ್ ಅಲ್ಲೇ ನಿಂತರೆ ಕ್ಲಚ್ ಸ್ಲಿಪ್ ಆಗುತ್ತಿದೆ. ರೀಮ್ಯಾಪ್ ಮರೆತು ಆ ದುಡ್ಡಲ್ಲಿ ಕ್ಲಚ್ ಹಾಕಿಸಿ. ಏರ್ ಫಿಲ್ಟರ್, ಇಂಟರ್‌ಕೂಲರ್ ಹೋಸ್, ಇಂಜೆಕ್ಟರ್ ರಿಟರ್ನ್ (ಇಂಜೆಕ್ಟರ್‌ನಿಂದ ವಾಪಸ್ ಬರುವ ಡೀಸೆಲ್) ಕೂಡ ಚೆಕ್ ಆಗಲಿ. ಎಷ್ಟೋ ಸಲ ಸಡಿಲವಾದ ಹೋಸ್ ಕ್ಲಾಂಪ್ ಬಿಗಿ ಮಾಡಿದರೇ ಗಾಡಿ ಮೊದಲಿನ ಹಾಗೆ ಎಳೆಯುತ್ತದೆ.

[ದೃಶ್ಯ: ಡಿಪಿಎಫ್ ಕ್ಯಾನ್]

"ಡಿಪಿಎಫ್ ತೆಗೆಸಿ, ಇಜಿಆರ್ ಮುಚ್ಚಿಸಿ" ಅನ್ನುವ ಪ್ಯಾಕೇಜ್ ಬೇಡವೇ ಬೇಡ. ಡಿಪಿಎಫ್ ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಇಜಿಆರ್ ಅಂದರೆ ಎಕ್ಸಾಸ್ಟ್ ಗ್ಯಾಸ್‌ನ ಒಂದು ಪಾಲನ್ನು ಮತ್ತೆ ಇಂಜಿನ್‌ಗೆ ಕಳಿಸುವ ವ್ಯವಸ್ಥೆ. ಅಮೆರಿಕದಲ್ಲಿ ಈ ಚಟ ಎಷ್ಟಿತ್ತೆಂದರೆ, ಸುಮಾರು ಹತ್ತು ವರ್ಷದಲ್ಲಿ 5.5 ಲಕ್ಷಕ್ಕೂ ಜಾಸ್ತಿ ಡೀಸೆಲ್ ಪಿಕಪ್‌ಗಳಿಂದ ಹೊಗೆ ತಡೆಯುವ ಭಾಗಗಳನ್ನು ಕಿತ್ತಿದ್ದಾರೆ ಅಂತ ಅಲ್ಲಿನ ಪರಿಸರ ಸಂಸ್ಥೆ ಇಪಿಎ 2020ರಲ್ಲಿ ಅಂದಾಜು ಮಾಡಿತು. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 182ಎ ಸೆಕ್ಷನ್ ಇದೆ. ಕಾನೂನು ಒಪ್ಪದ ಮಾರ್ಪಾಡಿಗೆ ಒಂದೊಂದಕ್ಕೂ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಬರೀ ಸಾಫ್ಟ್‌ವೇರ್ ಬದಲಿಸಿದರೂ ವಾರಂಟಿ ಹೋಗುವ ಸಾಧ್ಯತೆ ಇದೆ. ಆರ್‌ಟಿಒದಲ್ಲಿ ವಿಚಾರಿಸಿ, ಇನ್ಶೂರೆನ್ಸ್‌ನವರಿಗೆ ಬರವಣಿಗೆಯಲ್ಲಿ ತಿಳಿಸಿ, ಆಮೇಲೆ ಮುಂದುವರಿಯಿರಿ.

ನಿಮ್ಮ ಗಾಡಿ ಯಾವುದು, ಎಷ್ಟು ಕಿಲೋಮೀಟರ್ ಓಡಿದೆ, ಎಷ್ಟು ಲೋಡ್ ಹಾಕುತ್ತೀರಿ ಅಂತ ಕಾಮೆಂಟ್‌ನಲ್ಲಿ ಬರೆಯಿರಿ. ಡೈನೊ ಲಾಗ್ ಓದುವುದು ಹೇಗೆ ಅಂತ ಮುಂದಿನ ವಿಡಿಯೋದಲ್ಲಿ ನೋಡೋಣ.