‘ಇನ್ನು ನಾಲ್ಕೇ ಗಂಟೆ ಸಿಸ್ಟರ್’: ನರ್ಸಿಂಗ್ ಸ್ಟೂಡೆಂಟ್ಸ್ ಜೊತೆ ಆಡಿದ ಮಾತು

ಎಲ್ರಿಗೂ ನಮಸ್ಕಾರ. ಹಿಂದಿನ ಸಾಲಿಗೆ ಕೇಳ್ತಿದ್ಯಾ? ಸರಿ. ನೈಟ್ ಡ್ಯೂಟಿ ಮುಗ್ಸಿ ಸೀದಾ ಇಲ್ಲಿಗೆ ಬಂದಿರೋರು ಮೂರ್ನಾಲ್ಕು ಜನ ಇದೀರಂತೆ, ನಿದ್ದೆ ಬಂದ್ರೆ ಮಲ್ಕೊಳ್ಳಿ, ನಂಗೇನೂ ಬೇಜಾರಿಲ್ಲ, ಇವತ್ತಿನ ವಿಷಯನೇ ಅದು.

ನಾನು ಹಾಸನದ ಕಡೆಯವಳು, ಮಂಗಳೂರಲ್ಲಿ ಓದಿ ನ್ಯೂಯಾರ್ಕ್ ರಾಜ್ಯಕ್ಕೆ ಹೋದೆ. ಇಲ್ಲಿ ‘ಡಬಲ್ ಡ್ಯೂಟಿ ಬಿತ್ತು’ ಅಂತೀವಲ್ಲ, ಅಲ್ಲಿ ಅದಕ್ಕೆ ‘ಮ್ಯಾಂಡೇಟ್ ಆದೆ’ ಅಂತಾರೆ. 2007ರಲ್ಲಿ ಒಂದಿನ ಸಂಜೆ ಏಳಕ್ಕೆ ಹನ್ನೆರಡು ಗಂಟೆ ಶಿಫ್ಟ್ ಮುಗ್ಸಿ ಹ್ಯಾಂಡ್‌ಓವರ್ ಕೊಡೋಕೆ ನಿಂತಿದೀನಿ, ಸೂಪರ್‌ವೈಸರ್ ಬಂದು ರಿಲೀವರ್ ಬರ್ತಿಲ್ಲ, ನೀನೇ ಇರು, ಇನ್ನು ನಾಲ್ಕೇ ಗಂಟೆ ಅಂದ್ರು. ಆಗಲ್ಲ ಅಂದ್ರೆ ಪೇಷೆಂಟ್‌ನ ನಡುನೀರಲ್ಲಿ ಬಿಟ್ಟು ಹೋದ್ಲು ಅಂತ ಲೈಸೆನ್ಸ್ ಮೇಲೆ ಕಂಪ್ಲೇಂಟ್ ಹೋಗತ್ತೆ ಅನ್ನೋ ಭಯ, ಇದ್ದೆ. ರಾತ್ರಿ ಹತ್ತೂವರೆಗೆ ಇನ್ಸುಲಿನ್ ಸಿರಿಂಜ್ ಹಿಡ್ಕೊಂಡು ಪಕ್ಕದ ಬೆಡ್ಡಿನ ಅಜ್ಜನ ತೋಳು ಒರೆಸ್ತಿದ್ದೆ. ‘ನಂಗೆ ಶುಗರ್ ಇಲ್ವಲ್ಲಮ್ಮ’ ಅಂದ್ರು ಅವ್ರು. ನಾಚಿಕೆ ಆಗ್ಬೇಕಿತ್ತು, ಆದ್ರೆ ನಂಗೆ ಬಂದಿದ್ದು ಸಿಟ್ಟು, ಅವ್ರ ಮೇಲೆ! ದಣಿವು ಅಂದ್ರೆ ಅದು ನೋಡಿ.

2004ರಲ್ಲಿ ಅಮೆರಿಕದ 393 ನರ್ಸ್‌ಗಳು ತಮ್ಮ ಡ್ಯೂಟಿ ಲೆಕ್ಕ ತಾವೇ ಬರ್ಕೊಂಡಿದ್ದ ಒಂದು ಅಧ್ಯಯನ ಬಂತು, 5,317 ಶಿಫ್ಟ್‌ಗಳದ್ದು. ಹನ್ನೆರಡೂವರೆ ಗಂಟೆ ದಾಟಿದ ಶಿಫ್ಟಲ್ಲಿ ತಪ್ಪಾಗೋ ಸಂಭವ ಹೆಚ್ಚುಕಡಿಮೆ ಮೂರು ಪಟ್ಟು. ಅದಕ್ಕೂ ಮುಂಚೆ 1997ರಲ್ಲೇ ಇಬ್ರು ಸಂಶೋಧಕರು ತೋರ್ಸಿದ್ರು, 17 ಗಂಟೆ ಎಚ್ಚರ ಇದ್ದವರ ಕೈ ಕಣ್ಣು ಓಡೋದು ರಕ್ತದಲ್ಲಿ 0.05 ಪರ್ಸೆಂಟ್ ಆಲ್ಕೋಹಾಲ್ ಇರೋರ ಥರ ಅಂತ. ಕುಡ್ದು ಡ್ಯೂಟಿಗೆ ಬಂದ್ರೆ ಮನೆಗೆ ಕಳಿಸ್ತಾರೆ, ನಿದ್ದೆಗೆಟ್ಟಿದ್ರೆ ಇನ್ನೊಂದು ಶಿಫ್ಟ್ ಕೊಡ್ತಾರೆ.

ಅಮೆರಿಕದ ಕೇಂದ್ರ ಕಾನೂನು ವಯಸ್ಕರು ಎಷ್ಟು ಗಂಟೆ ದುಡೀಬಹುದು ಅನ್ನೋದಕ್ಕೆ ಮಿತಿನೇ ಹಾಕಿಲ್ಲ, ಜಾಸ್ತಿ ದುಡಿಸಿದ್ರೆ ಒಂದೂವರೆ ಪಟ್ಟು ಸಂಬಳ ಕೊಡಿ ಅಷ್ಟೇ ಅನ್ನತ್ತೆ. ಹಂಗಾಗಿ ಮಿತಿ ಹಾಕಿದ್ದು ಒಂದೊಂದೇ ರಾಜ್ಯ. ನ್ಯೂಯಾರ್ಕಿನ ಕಾನೂನು ಜಾರಿಗೆ ಬಂದಿದ್ದು 2009ರ ಜುಲೈ 1ಕ್ಕೆ: ಮೊದ್ಲೇ ನಿಗದಿ ಆದ ಶಿಫ್ಟ್ ಮೀರಿ ನರ್ಸ್‌ನ ಬಲವಂತವಾಗಿ ಉಳಿಸ್ಕೊಳ್ಳೋ ಹಾಗಿಲ್ಲ, ಆಗಲ್ಲ ಅಂದ್ರೆ ಅದು ಪೇಷೆಂಟ್‌ನ ಬಿಟ್ಟುಹೋದ ಹಾಗೂ ಅಲ್ಲ. ವಿನಾಯ್ತಿಗಳಿವೆ. ದೊಡ್ಡ ಅನಾಹುತ, ಸರ್ಕಾರ ಘೋಷಿಸಿದ ತುರ್ತು ಪರಿಸ್ಥಿತಿ, ಅರ್ಧಕ್ಕೆ ನಿಲ್ಲಿಸೋಕಾಗದ ಆಪರೇಷನ್, ಆಮೇಲೆ ಮುಂಚೆ ಯೋಚ್ನೆ ಮಾಡೋಕಾಗದಂಥ ತುರ್ತು. ಎಲ್ಲಾ ಜಗಳ ಈ ಕೊನೇದ್ರಲ್ಲೇ. ಒಬ್ರಿಗೆ ಜ್ವರ ಬಂದು ರಜಾ ಹಾಕಿದ್ರೆ ಅದು ತುರ್ತಾ? ಪ್ರತಿ ಭಾನುವಾರ ಜನ ಕಮ್ಮಿ ಇದ್ರೆ ಅದು ತುರ್ತು ಅಲ್ಲಪ್ಪ, ಅದು ರೋಸ್ಟರ್, ಡ್ಯೂಟಿ ಪಟ್ಟಿ ಹಾಕಿರೋದೇ ಹಂಗೆ. ಇಷ್ಟೇ ನಾನು ಹೇಳ್ಬೇಕು ಅಂತ ಬಂದಿರೋದು, ಮ್ಯಾಂಡೇಟ್ ಮಾಡೋದು ಅಂದ್ರೆ ಬಹಳ ಸಲ ಆಸ್ಪತ್ರೆ ತುಂಬಿಸದೆ ಬಿಟ್ಟಿರೋ ಪೋಸ್ಟಿನ ಕೆಲ್ಸನ ನಿಮ್ಮ ನಿದ್ದೆಯಿಂದ ಮಾಡ್ಸೋದು.

ಕಾನೂನು ಬಂದು ಹದಿನಾಲ್ಕು ವರ್ಷ ಆದ್ಮೇಲೆ, 2023ರಲ್ಲಿ, ದಂಡ ಸೇರ್ಸಿದ್ರು: ಮೊದಲ ಸಲಕ್ಕೆ 1,000 ಡಾಲರ್‌ವರೆಗೆ, ವರ್ಷದೊಳಗೆ ಮತ್ತೆ ಮತ್ತೆ ಮಾಡಿದ್ರೆ 3,000ದವರೆಗೆ, ಜೊತೆಗೆ ಆ ನರ್ಸ್‌ಗೆ ಓವರ್‌ಟೈಮ್ ದುಡ್ಡಿನ ಮೇಲೆ ಇನ್ನೂ 15 ಪರ್ಸೆಂಟ್. ದೊಡ್ಡ ಆಸ್ಪತ್ರೆಗೆ ಇದು ಕ್ಯಾಂಟೀನ್ ಬಿಲ್ಲು. ನಂಗೆ ಇಷ್ಟ ಆಗಿದ್ದು ಪಕ್ಕದ ನ್ಯೂಜೆರ್ಸಿಯ ಕಾನೂನು. ಅಲ್ಲಿ ನಿಜವಾದ ತುರ್ತಲ್ಲಿ ಉಳಿಸ್ಕೊಂಡ್ರೂ ಮನೇಲಿರೋ ಮಕ್ಕಳಿಗೆ, ವಯಸ್ಸಾದವ್ರಿಗೆ ವ್ಯವಸ್ಥೆ ಮಾಡೋಕೆ ಒಂದು ಗಂಟೆವರೆಗೆ ಟೈಮ್ ಕೊಡ್ಬೇಕು. ಆ ಸಾಲು ಬರೆದವ್ರ ಮನೇಲಿ ಯಾರೋ ನರ್ಸ್ ಇರ್ಬೇಕು ಅನ್ಸತ್ತೆ ನಂಗೆ.

ತೂತೂ ಇದೆ. ‘ಇಷ್ಟಪಟ್ಟು’ ಮಾಡೋ ಓವರ್‌ಟೈಮಿಗೆ ಈ ಕಾನೂನಲ್ಲಿ ತಡೆ ಇಲ್ಲ, ‘ನೀವೇ ಒಪ್ಕೊಂಡ್ರಲ್ಲ’ ಅನ್ನೋ ಹಾಗೆ ಕೇಳೋ ಕಲೆ ಕೆಲವ್ರಿಗೆ ಚೆನ್ನಾಗಿ ಬರತ್ತೆ. ಇನ್ನೊಂದು, ನಾನು ಮನೆಗೆ ಹೋದೆ ಸರಿ, ನನ್ನ ಆರು ಪೇಷೆಂಟ್‌ಗಳು? ನೈಟಿನವಳ ತಲೆ ಮೇಲೆ. ಕ್ಯಾಲಿಫೋರ್ನಿಯಾ 2004ರಿಂದ ಒಬ್ಬ ನರ್ಸ್‌ಗೆ ಇಷ್ಟೇ ಪೇಷೆಂಟ್ ಅಂತ ಕಟ್ಟುನಿಟ್ಟು ಮಾಡಿದೆ, ಐಸಿಯುನಲ್ಲಿ ಇಬ್ರು. ಅದಿಲ್ದೆ ಇದು ಒಂದು ಕಾಲಿನ ನಡಿಗೆ.

ನಮ್ಮಲ್ಲಿ? 2020ರ ಹೊಸ ಕಾರ್ಮಿಕ ಸುರಕ್ಷತಾ ಸಂಹಿತೆಯಲ್ಲಿ ಓವರ್‌ಟೈಮಿಗೆ ಕೆಲಸಗಾರರ ಒಪ್ಪಿಗೆ ಬೇಕು, ಎರಡು ಪಟ್ಟು ಕೂಲಿ ಕೊಡ್ಬೇಕು ಅಂತ ಬರೆದಿದೆ. ಇಷ್ಟು ದಿನ ಕೆಲ್ಸ ಬಿಡಲ್ಲ ಅಂತ ಬಾಂಡ್ ಬರ್ಕೊಟ್ಟಿರೋ ಫ್ರೆಶರ್ ‘ಒಪ್ಪಲ್ಲ’ ಅನ್ನೋದು ಹೆಂಗೆ, ನಿಮಗೇ ಗೊತ್ತು.

ಬಾಂಡ್ ಬಗ್ಗೆ ಹೆಂಗೂ ಕೇಳ್ತೀರ, ಅದ್ಕೇ ಒಂದು ಕಥೆ. 2006ರಲ್ಲಿ ನ್ಯೂಯಾರ್ಕಿನ ಲಾಂಗ್ ಐಲೆಂಡಲ್ಲಿ ಫಿಲಿಪೈನ್ಸಿಂದ ಕರ್ಕೊಂಡು ಬಂದಿದ್ದ ಹತ್ತು ನರ್ಸ್‌ಗಳು, ಕೊಟ್ಟ ಮಾತು ನಡೀಲಿಲ್ಲ ಅಂತ ಒಟ್ಟಿಗೆ ರಾಜೀನಾಮೆ ಕೊಟ್ರು. ಪೇಷೆಂಟ್ ಮಕ್ಕಳಿಗೆ ಅಪಾಯ ಮಾಡಿದ್ರು ಅಂತ ಅವ್ರ ಮೇಲೆ ಕ್ರಿಮಿನಲ್ ಕೇಸೇ ಹಾಕಿದ್ರು! 2009ರ ಜನವರಿಯಲ್ಲಿ ಮೇಲ್ಮನವಿ ಕೋರ್ಟ್ ಆ ಕೇಸ್ ನಿಲ್ಲಿಸ್ತು. ಇಷ್ಟ ಇಲ್ದೆ ಇದ್ರೂ ಕೆಲ್ಸದಲ್ಲೇ ಇರಿ ಅಂತ ಕ್ರಿಮಿನಲ್ ಕಾನೂನಿಂದ ಒತ್ತಾಯ ಮಾಡಿದ್ರೆ, ಜೀತ ನಿಷೇಧಿಸಿರೋ ಅಲ್ಲಿನ ಸಂವಿಧಾನಕ್ಕೇ ವಿರುದ್ಧ ಅಂತು.

ಈಗ ನೀವು ಕೇಳಿ. ಆ ಕಿಟಕಿ ಹತ್ರ ಮಲ್ಗಿರೋ ಮಗೂನ ಮಾತ್ರ ಎಬ್ಬಿಸ್ಬೇಡಿ.