ಮಾಡದಾಗಿನ ಗುಳಿಗಿ

ಕೇಳುಗರೆಲ್ಲರಿಗೂ ನಮಸ್ಕಾರ.

ಶಹಾಪುರ, ಸುರಪುರದ ಕಡೆಯ ಹಳ್ಳಿಗಳಲ್ಲಿ ಸಿಸ್ಟರ್ ಆಗಿ ತಿರುಗಿ ತಿರುಗಿ ನಿವೃತ್ತಳಾದವಳು ನಾನು. ಬಸುರಿ ಇದ್ದ ಮನೆಗೆ ಕಾಲಿಟ್ಟರೆ ಮೊದಲು ನನ್ನ ಕಣ್ಣು ಹೋಗುತ್ತಿದ್ದುದು ಗೋಡೆಯ ಮಾಡದ ಕಡೆಗೆ. ಅಲ್ಲಿ ಕುಂಕುಮದ ಭರಣಿ, ಊದಿನಕಡ್ಡಿ, ಸತ್ತುಹೋದ ಬ್ಯಾಟರಿ ಸೆಲ್ಲು, ಅವುಗಳ ಹಿಂದೆ ಕೆಂಪು ಗುಳಿಗೆಯ ಸ್ಟ್ರಿಪ್ಪುಗಳು. "ತಗೋಳಕತ್ತೀಯೇನವ್ವಾ?" ಅಂದರೆ "ಹ್ವಾದ್ರಿ ಸಿಸ್ಟರ್, ದಿನಾ ತಗೋತೀನ್ರಿ" ಅನ್ನುತ್ತಿದ್ದರು. ಎಣಿಸಿದರೆ ಮೂವತ್ತರಲ್ಲಿ ಇಪ್ಪತ್ತೆಂಟು ಹಾಗೇ ಕೂತಿರುತ್ತಿದ್ದವು.

ನಾನು ಬೈದು ಬರುತ್ತಿದ್ದೆ. ಯಾಕೆ ನುಂಗಲಿಲ್ಲ ಅಂತ ಕೂತು ಕೇಳುವ ರೂಢಿ ನನಗೆ ಬಹಳ ತಡವಾಗಿ ಬಂತು.

ಆ ಗುಳಿಗೆಯಲ್ಲಿ ಇರೋದು 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ಗುಳಿಗೆ, ಹಡೆದ ಮೇಲೆ ಮತ್ತೆ 180. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ದಿನಕ್ಕೆ ಎರಡು. 7ಕ್ಕಿಂತ ಕೆಳಗಿಳಿದರೆ ಗುಳಿಗೆ ನೆಚ್ಚಿಕೊಂಡು ಮನೆಯಲ್ಲಿ ಕೂರುವ ಹಾಗಿಲ್ಲ, ದೊಡ್ಡ ದವಾಖಾನೆಗೇ ಹೋಗಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ನೂರು ಬಸುರಿಯರಲ್ಲಿ 52 ಮಂದಿಗೆ ರಕ್ತಹೀನತೆ. ಹೆರಿಗೆಯಲ್ಲಿ ಗಟ್ಟಿ ಮೈಯವಳು ತಡೆದುಕೊಳ್ಳುವಷ್ಟು ರಕ್ತಸ್ರಾವವನ್ನು ಇವರು ತಡೆದುಕೊಳ್ಳಲಾರರು. ನಾನು ಹೆದರುತ್ತಿದ್ದುದು ಅದಕ್ಕೇ.

ಇನ್ನು ಅವರ ಕಾರಣಗಳು. ಒಬ್ಬ ಅತ್ತೆ ನನ್ನನ್ನು ಬಾಗಿಲ ಹೊರಗೆ ಕರೆದು, ಪಿಸುಮಾತಿನಲ್ಲಿ ಹೇಳಿದಳು: "ಯವ್ವಾ, ಇದನ್ನ ತಗೊಂಡಾಗಿಂದ ನಮ್ಮ ಸೊಸಿಗಿ ಕರ್ರಗ ಹೊರಕಡಿ ಆಗ್ತದ. ಒಳಗಿನ ಕೂಸೂ ಕರ್ರಗ ಆದ್ರ?" ನಗಬೇಡಿ. ಕಣ್ಣಾರೆ ಕಂಡದ್ದನ್ನು ಹಿಡಿದುಕೊಂಡು ಮಾಡಿದ ಲೆಕ್ಕ ಅದು. ನುಂಗಿದ ಕಬ್ಬಿಣವೆಲ್ಲ ಮೈಗೆ ಹತ್ತುವುದಿಲ್ಲ, ಹತ್ತದೆ ಉಳಿದದ್ದು ಕಪ್ಪಾಗಿ ಹೊರಗೆ ಹೋಗುತ್ತದೆ, ಕೂಸಿನ ಬಣ್ಣಕ್ಕೂ ಅದಕ್ಕೂ ಸಂಬಂಧವಿಲ್ಲ. ಇಷ್ಟನ್ನು ಮೊದಲ ದಿನವೇ ಹೇಳಿದ್ದರೆ ಅವಳು ಹೆದರುತ್ತಲೇ ಇರಲಿಲ್ಲ. ಇನ್ನೊಂದು ಭಯ, ಕೂಸು ಭಾಳ ದಪ್ಪಾಗಿ ಹಡೆಯೋದು ಕಷ್ಟ ಆಗ್ತದ ಅನ್ನೋದು. ನಮ್ಮ ಕಡೆ ನಾನು ಕೈಯಲ್ಲಿ ಹಿಡಿದ ಕೂಸುಗಳಲ್ಲಿ ತೂಕ ಹೆಚ್ಚಾದವು ಬೆರಳೆಣಿಕೆ. ಎರಡೂವರೆ ಕಿಲೋ ಮುಟ್ಟದವೇ ಹೆಚ್ಚು.

ಚಹಾದ ಕಥೆ ಬೇರೆ. ಉಂಡ ಕೈ ಆರುವ ಮೊದಲೇ ಚಹಾ ಬೇಕು ನಮಗೆ. ಕೆಲವರು ಕೆಂಪು ಗುಳಿಗೆ, ಕ್ಯಾಲ್ಸಿಯಂನ ಬಿಳಿ ಗುಳಿಗೆ ಎರಡನ್ನೂ ಬೆಳಗಿನ ಚಹಾದ ಜೊತೆ ಒಂದೇ ಗುಟುಕಿಗೆ ಮುಗಿಸಿಬಿಡುತ್ತಿದ್ದರು. ಚಹಾದ ಒಗರು ಕಬ್ಬಿಣವನ್ನು ಹಿಡಿದಿಟ್ಟು ಮೈಗೆ ಹತ್ತಗೊಡುವುದಿಲ್ಲ, ಕ್ಯಾಲ್ಸಿಯಂ ಕೂಡ ಅದಕ್ಕೆ ಅಡ್ಡ ಬರುತ್ತದೆ. ಪಾಪ, ನುಂಗಿದ ಹೆಸರಾಯಿತು, ಫಲ ಇಲ್ಲ. ಬಿಳಿ ಗುಳಿಗೆ ಹೊತ್ತಿಗೊಂದರಂತೆ ದಿನಕ್ಕೆ ಎರಡು ಸಲ, ಊಟದ ಜೊತೆ. ಕೆಂಪು ಗುಳಿಗೆ ರಾತ್ರಿ ಊಟವಾಗಿ ಎರಡು ತಾಸು ಬಿಟ್ಟು, ಮಲಗುವಾಗ, ಒಂದಿಷ್ಟು ನಿಂಬೆಹುಳಿ ಹಿಂಡಿದ ನೀರಿನ ಜೊತೆ. ಹೊಟ್ಟೆ ತೊಳಸುವುದೂ ರಾತ್ರಿ ಅಷ್ಟಾಗಿ ಗೊತ್ತಾಗುವುದಿಲ್ಲ, ನಿದ್ದೆ ಹತ್ತಿರುತ್ತದೆ. ಜೋಳದ ರೊಟ್ಟಿಯಲ್ಲಿರುವ ಕಬ್ಬಿಣವೂ ಸುಮ್ಮನೆ ಮೈಗೆ ಬರುವುದಿಲ್ಲ, ಹುಳಿ ಜೊತೆಗಿದ್ದರೆ ಹೆಚ್ಚು ಬರುತ್ತದೆ.

ಫೋಲಿಕ್ ಆಮ್ಲದ ಮಾತು ಬಂದರೆ ನನಗೆ ಲೂಸಿ ವಿಲ್ಸ್ ನೆನಪಾಗುತ್ತಾಳೆ. ಇಂಗ್ಲೆಂಡಿನ ಈ ವೈದ್ಯೆ 1928ರಲ್ಲಿ ಮುಂಬೈಗೆ ಬಂದು, ಬಟ್ಟೆ ಗಿರಣಿಯ ಬಡ ಬಸುರಿಯರಲ್ಲಿ ರಕ್ತ ಯಾಕೆ ಇಳಿಯುತ್ತದೆ ಅಂತ ಹುಡುಕಿದಳು. ಯೀಸ್ಟಿನಿಂದ ತೆಗೆದ ಅಗ್ಗದ ಸಾರ ಕೊಟ್ಟಾಗ ಅವರು ಚೇತರಿಸಿಕೊಂಡರು. ಅದರೊಳಗಿನ ವಸ್ತು ಏನು ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. 1941ರಲ್ಲಿ ಪಾಲಕ್ ಸೊಪ್ಪಿನಿಂದ ಫೋಲಿಕ್ ಆಮ್ಲವನ್ನು ಬೇರ್ಪಡಿಸಿದಾಗ ಅದಕ್ಕೆ ಲ್ಯಾಟಿನ್ನಿನಲ್ಲಿ ಎಲೆ ಅನ್ನುವ ಶಬ್ದದಿಂದ ಹೆಸರಿಟ್ಟರು. ನಮ್ಮ ಮೆಂತ್ಯ, ರಾಜಗಿರಿ ಪಲ್ಯದ ಎಲೆಯಲ್ಲೂ ಅದಿದೆ. ಆದರೆ ತಾಸುಗಟ್ಟಲೆ ಕುದಿಸಿ, ನೀರು ಬಸಿದು ಚೆಲ್ಲಿದರೆ ಹೋಯಿತು. ಇನ್ನೂ ಒಂದು ತೊಡಕಿದೆ. ಕೂಸಿನ ಬೆನ್ನುಹುರಿಯಾಗಿ ಬೆಳೆಯುವ ನಳಿಕೆ ಗರ್ಭ ನಿಂತ ನಾಲ್ಕು ವಾರದೊಳಗೆ ಮುಚ್ಚಿಕೊಳ್ಳಬೇಕು. ಆಗಿನ್ನೂ ಬಹಳ ಮಂದಿಗೆ ತಾವು ಬಸುರಿ ಅನ್ನೋದೇ ತಿಳಿದಿರುವುದಿಲ್ಲ. ತಿಳಿದರೂ ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದು ಅನ್ನುವ ಪದ್ಧತಿ ನಮ್ಮದು. ಪದ್ಧತಿ ಇರಲಿ, ಊರಿಗೆ ಹೇಳಬೇಡಿ, ಆಶಾ ಕಾರ್ಯಕರ್ತೆಯ ಕಿವಿಯಲ್ಲಿ ಮಾತ್ರ ಹೇಳಿ. ಕೂಸು ಬೇಕು ಅಂದುಕೊಂಡ ತಿಂಗಳಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಶುರುವಾದರೆ ಇನ್ನೂ ಒಳ್ಳೆಯದು.

ಸಲಾಯಿನ್ ಹಚ್ಚಿಸಿದರೆ ರಗತ ಬರ್ತದ ಅಂತ ದುಡ್ಡು ಸುರಿಯುವವರನ್ನು ಕಂಡಾಗ ಮಾತ್ರ ನನಗೆ ಈಗಲೂ ಸಿಟ್ಟು ಬರುತ್ತದೆ. ಬರೀ ಸಲಾಯಿನ್ ಅಂದರೆ ಉಪ್ಪುನೀರು. ನರದಲ್ಲಿ ಕಬ್ಬಿಣ ಕೊಡುವುದುಂಟು. ಅದು ಕಂದು ಬಣ್ಣದ ಔಷಧ, ಯಾರಿಗೆ ಬೇಕು ಅಂತ ಡಾಕ್ಟರೇ ನಿರ್ಧರಿಸಬೇಕು. ಹಾಗೆಯೇ ಜಾಸ್ತಿಯಾದರೆ ಇನ್ನೂ ಒಳ್ಳೆಯದು ಅಂತ ಮೆಡಿಕಲ್ ಅಂಗಡಿಯಿಂದ ವಿಟಮಿನ್ ಎ ಡೋಸು ತಂದು ಬಸುರಿಗೆ ಕೊಡಬೇಡಿ. ಅತಿಯಾದರೆ ಕೂಸಿನ ಅಂಗಕ್ಕೇ ಊನ.

ಕೂಸಿನ ಲೆಕ್ಕ ಬೇರೆ. ತಾಯಿಯಿಂದ ತಂದ ಕಬ್ಬಿಣ ಆರು ತಿಂಗಳ ಹೊತ್ತಿಗೆ ತೀರುತ್ತಾ ಬರುತ್ತದೆ. ಎದೆಹಾಲಿನಲ್ಲಿ ಕಬ್ಬಿಣ ಕಡಿಮೆ. ಅದಕ್ಕೇ ಆರು ತಿಂಗಳಿಂದ ವಾರಕ್ಕೆರಡು ಸಲ ಒಂದೊಂದು ಮಿಲಿಲೀಟರ್ ಕಬ್ಬಿಣದ ಸಿರಪ್ಪು. ಒಂಬತ್ತು ತಿಂಗಳಿಗೆ ದಡಾರದ ಚುಚ್ಚುಮದ್ದಿನ ಜೊತೆ ವಿಟಮಿನ್ ಎ, ಆಮೇಲೆ ಐದು ವರ್ಷದವರೆಗೆ ಆರಾರು ತಿಂಗಳಿಗೊಮ್ಮೆ, ಒಟ್ಟು ಒಂಬತ್ತು ಡೋಸು. ಭೇದಿಯಾದರೆ ಓಆರ್‌ಎಸ್ ಜೊತೆ ಸತುವಿನ ಗುಳಿಗೆ 14 ದಿನ. ಮೂರನೇ ದಿನಕ್ಕೆ ಭೇದಿ ನಿಂತಿತು ಅಂತ ಗುಳಿಗೆಯನ್ನೂ ನಿಲ್ಲಿಸುತ್ತಾರೆ. ಉಳಿದ ಹನ್ನೊಂದು ಮತ್ತೆ ಆ ಮಾಡಕ್ಕೇ.

ನನ್ನ ಲೆಕ್ಕದಲ್ಲಿ ಗುಳಿಗೆ ಹೆಚ್ಚಾಗಿ ತಪ್ಪುವುದು ಎರಡು ದಾರಿಯಲ್ಲಿ. ಒಂದು, ಕುಬಸ, ಅಂದರೆ ಸೀಮಂತ, ಮುಗಿಸಿ ತವರಿಗೆ ಹೋಗುವ ದಾರಿ. ಬಸುರಿ ಊರು ಬಿಟ್ಟು ಹೋದಳು ಅಂತ ಇಲ್ಲಿಯ ಆಶಾ ಅಂದುಕೊಳ್ಳುತ್ತಾಳೆ, ಅಲ್ಲಿಯ ಆಶಾಗೆ ಅವಳು ಬಂದದ್ದು ಗೊತ್ತಿರುವುದಿಲ್ಲ. ಇನ್ನೊಂದು, ಬೆಂಗಳೂರಿಗೋ ಪುಣೆಗೋ ಗುಳೆ ಹೋಗುವ ದಾರಿ. ಬಿಲ್ಡಿಂಗ್ ಕೆಲಸದ ಶೆಡ್ಡಿಗೆ ಯಾವ ಅಂಗನವಾಡಿ ಟೀಚರು ಹೋಗಿ ಕೇಳುತ್ತಾಳೆ? ಊರಲ್ಲಿದ್ದರೆ ಬಸುರಿ ಬಾಣಂತಿಯರಿಗೆ 2017ರಿಂದ ಸರ್ಕಾರದ ಮಾತೃಪೂರ್ಣ ಊಟ ಇದೆ, ಅಂಗನವಾಡಿಯಲ್ಲಿ ಉಂಡು ಅಲ್ಲೇ ಗುಳಿಗೆ ನುಂಗಿ ಬರಬಹುದು.

ಕಪ್ಪು ಕೂಸಿನ ಭಯ ಹೇಳಿದ್ದಳಲ್ಲ, ಆ ಅತ್ತೆ, ಮುಂದೆ ಸೊಸೆಯನ್ನು ತವರಿಗೆ ಕಳಿಸುವ ದಿನ ನಾನು ಅಲ್ಲೇ ಇದ್ದೆ. ಕುಬಸದ ಸೀರೆಯ ಮಡಿಕೆಯೊಳಗೆ ತಾಯಿ ಕಾರ್ಡು, ಎರಡು ತಿಂಗಳಿನ ಗುಳಿಗೆ ಇಟ್ಟು ಗಂಟು ಕಟ್ಟಿದಳು. ಬಸ್ಸು ಹೊರಡುವಾಗ ಕಿಟಕಿಯ ಹತ್ತಿರ ಹೋಗಿ ಬೀಗತಿಗೆ ಕೂಗಿ ಹೇಳಿದಳು: "ಚಾದ ಸಂಗಟ ಕೊಡಬ್ಯಾಡ್ರಿ ಮತ್ತ!"

ನಮಸ್ಕಾರ.