ಸೂರ್ಯನ್ನ ಬಿಡಿ, ಕಲ್ಲು ನೋಡಿ

ಕೇಳುಗರಿಗೆಲ್ಲ ನಮಸ್ಕಾರ. ಹಂಪಿಗೆ ಹೋಗಿ ಬಂದೋರ ಮೊಬೈಲ್ ಇಸ್ಕೊಂಡು ನೋಡಿ, ಮಾತಂಗ ಬೆಟ್ಟದ ಸೂರ್ಯೋದಯ ನಲವತ್ತು ಫೋಟೋ ಇರುತ್ತೆ, ನಲವತ್ತರಲ್ಲೂ ಅದೇ ಸೂರ್ಯ, ಕಲ್ಲೆಲ್ಲ ಕಪ್ಪು ಮುದ್ದೆ. ಅಲ್ಲ ಸ್ವಾಮಿ, ಆ ಸೂರ್ಯ ನಿಮ್ಮನೆ ಮಹಡಿ ಮೇಲೂ ಬರ್ತಾನೆ, ಆ ಕಲ್ಲು ಬರುತ್ತಾ?

ನಾನು ಭೂವಿಜ್ಞಾನ ಪಾಠ ಹೇಳ್ಕೊಂಡು ಬಂದೋನು, ಕ್ಯಾಮೆರಾ ಹುಚ್ಚು ಆಮೇಲೆ ಹತ್ತಿದ್ದು. ಇವತ್ತು ಹೇಳೋದು ಒಂದೇ ಮಾತು. ಬಿಸಿಲು ಪಕ್ಕದಿಂದ ಬೀಳೋವಾಗ ಕಲ್ಲಿನ ಫೋಟೋ ತೆಗೀರಿ. ಎಳೆಬಿಸಿಲು, ಇಲ್ಲಾ ಇಳಿಬಿಸಿಲು. ನೆತ್ತಿ ಮೇಲೆ ಬಿಸಿಲಿದ್ರೆ ಕ್ಯಾಮೆರಾ ಚೀಲಕ್ಕೆ ಹಾಕಿ ಮಜ್ಜಿಗೆ ಕುಡೀರಿ.

ಇದು ನಂಗೂ ಕೆಟ್ಟ ಮೇಲೇ ಗೊತ್ತಾಗಿದ್ದು. ಒಂದ್ಸಲ ಕತ್ತಲಲ್ಲೇ ಟಾರ್ಚ್ ಹಿಡ್ಕೊಂಡು ಮಾತಂಗ ಹತ್ತಿದೆ, ಏದುಸಿರು ಬಿಡ್ತಾ ಮೇಲೆ ಹೋಗಿ ಕ್ಯಾಮೆರಾ ತೆಗೆದ್ರೆ ಬ್ಯಾಟರಿನೇ ಇಲ್ಲ, ರೂಮಲ್ಲಿ ಚಾರ್ಜರಿಗೆ ಸಿಕ್ಕಿಸಿ ಹಾಗೇ ಬಂದಿದೀನಿ. ಇಳಿದು, ತಗೊಂಡು, ದೋಸೆನೂ ತಿಂದು ಹೊರಟಾಗ ಹನ್ನೊಂದು ಗಂಟೆ. ಮತ್ತೆ ಹತ್ತೋ ಶಕ್ತಿ ಯಾರಿಗಿದೆ? ಬೆಟ್ಟದ ಬುಡದಲ್ಲೇ ಎರಡು ಗುಂಡುಕಲ್ಲು ಇದ್ವು, ಒಂದೊಂದೂ ಲಾರಿಯಷ್ಟು, ಅವನ್ನೇ ತೆಗೆದೆ. ಫೋಟೋದಲ್ಲಿ ಎರಡು ಬೋಂಡಾ ಇಟ್ಟಂಗೆ ಕಾಣ್ತಿತ್ತು, ಅಷ್ಟೇ. ಸಂಜೆ ಐದೂವರೆಗೆ ಅದೇ ದಾರೀಲಿ ವಾಪಸ್ ಬರ್ತಾ ಸುಮ್ನೆ ಇನ್ನೊಂದು ಕ್ಲಿಕ್ ಮಾಡಿದೆ ನೋಡಿ! ಎಡಗಡೆ ಕಲ್ಲಿನ ಮೇಲೆ ಬೆರಳಗಲದ ಬಿಳಿ ಪಟ್ಟಿ, ಸುತ್ತಲಿನ ಕಲ್ಲಿಗಿಂತ ಒಂಚೂರು ಉಬ್ಬಿದೆ, ಅದರ ಕೆಳಗೆ ಪೆನ್ಸಿಲಲ್ಲಿ ಎಳ್ದಂಗೆ ನೆರಳು. ಪಟ್ಟಿ ಓರೆಯಾಗಿ ಅಂಚಿನ ತನಕ ಬಂತು, ಮಧ್ಯ ಒಂದು ಆಡು ನುಗ್ಗೋವಷ್ಟು ಸಂದು, ಆಚೆ ಬಲಗಡೆ ಕಲ್ಲಿನ ಮೇಲೆ ಅದೇ ಎತ್ತರ, ಅದೇ ಓರೆ, ಪಟ್ಟಿ ಮುಂದುವರಿದಿದೆ!

ಅಂದ್ರೆ ಅವೆರಡೂ ಒಂದೇ ಬಂಡೆ. ಎಲ್ಲಿಂದ್ಲೋ ಉರುಳಿ ಬಂದಿದ್ದಲ್ಲ. ವಾನರರು ಎಸೆದಿದ್ದು ಅಂತಾರೆ, ಕಿಷ್ಕಿಂಧೆ ಅಲ್ವಾ, ಇರ್ಲಿ, ಕಥೆ ಚೆನ್ನಾಗಿದೆ. ಆದ್ರೆ ಇದು ಸುಮಾರು 250 ಕೋಟಿ ವರ್ಷದ ಹಿಂದೆ ನೆಲದ ಆಳದಲ್ಲಿ ಕರಗಿದ ಕಲ್ಲು ನಿಧಾನಕ್ಕೆ ತಣ್ಣಗಾಗಿ ಆದ ಗ್ರಾನೈಟು. ಮೇಲಿದ್ದದ್ದು ಸವೆದು ಭಾರ ಇಳಿದಾಗ ಅಡ್ಡ ಉದ್ದ ಬಿರುಕು ಬಿಡ್ತು, ಬರ್ಫಿ ಕತ್ತರಿಸಿದ ಹಾಗೆ, ಬಿರುಕಲ್ಲಿ ನೀರಿಳೀತು, ಮೂಲೆಗೆ ಮೂರು ಕಡೆಯಿಂದ ನೀರಲ್ವಾ, ಅದೇ ಮೊದಲು ಪುಡಿಯಾಯ್ತು, ಚೌಕ ಗುಂಡಗಾಯ್ತು. ನಿಂತ ಜಾಗದಲ್ಲೇ! ಸಾಲಾಗಿ ತೂತು ಕಂಡ್ರೆ ಅದು ಮಾತ್ರ ಕಲ್ಲುಕುಟಿಗರು ಬೆಣೆ ಹೊಡೆದು ಸೀಳಿದ್ದು. ಮಧ್ಯಾಹ್ನ ಹೋಗಿ, ಈ ಗೆರೆ ಯಾವುದೂ ಸರಿಯಾಗಿ ಕಾಣಲ್ಲ.

ಗಾಜಿನಾಚೆಯಿಂದ ಕೈ ತೋರಿಸ್ತಿದಾರೆ, ಟೈಮ್ ಆಯ್ತಂತೆ. ಬಾದಾಮಿ ಹೇಳೋದೇ ಉಳೀತು, ಅಲ್ಲಿ ಕೆಂಪು ಮರಳುಗಲ್ಲು, ಅದರಲ್ಲಿ ಓರೆ ಪದರ ಹುಡುಕಿ, ಹಿಂದೆ ನೀರು ಹರೀತಿದ್ದ ಕಡೆಗೆ ಇಳಿಜಾರಾಗಿರುತ್ತೆ. ಮಲ್ಪೆ ಹತ್ರ ಸೇಂಟ್ ಮೇರೀಸ್ ದ್ವೀಪದಲ್ಲಿ ಲಾವಾ ತಣ್ಣಗಾಗಿ ಸೀಳಿದ ಕಂಬಗಳು, ಸುಮಾರು 8.8 ಕೋಟಿ ವರ್ಷದ್ದು, ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ್ದು, ಬೆಳಗಿನ ಮೊದಲ ಬೋಟೇ ಹಿಡೀರಿ. ಅಳತೆಗೆ ಪಕ್ಕದಲ್ಲಿ ಒಂದು ಕೊಡೆ ಇಡಿ, ಮಕ್ಕಳನ್ನ ಹತ್ತಿಸ್ಬೇಡಿ. ಬೆಂಗಳೂರಿನೋರಿಗೆ ಬಸ್ಸೂ ಬೇಡ, ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷದ್ದು. ನಾಳೆ ವಾಕಿಂಗ್ ಹೋದಾಗ ಗೋಪುರದ ಮುಂದೆ ಸೆಲ್ಫಿ ಬಿಟ್ಟು ಕಾಲಡಿ ನೋಡಿ, ಕಪ್ಪು ಬಿಳಿ ಪಟ್ಟೆ ಇದೆ. ಏಳೂವರೆ ಒಳಗೆ ಹೋಗಿ ಮತ್ತೆ! ನಮಸ್ಕಾರ.